ಓಣಂ ರಜೆಯಲ್ಲಿ ಮನೆಮಂದಿ ಸೇರಿ ಒಂದು ವಿಶ್ವವಿದ್ಯಾನಿಲಯ ನೋಡಿ ಬರುವುದಿದ್ದರೆ ಎಲ್ಲಿಗೆ?

ಪ್ರಶ್ನೆ, ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ:
ಮಗಳು ಪ್ಲಸ್ ಟು, ಜೀವಶಾಸ್ತ್ರ ಇಷ್ಟ. ಮಗ ಎಂಟನೆಯ ತರಗತಿ. ಜೊತೆಗೆ ಎಪ್ಪತ್ತು ದಾಟಿದ ಅತ್ತೆ ಬರುತ್ತಾರೆ. ಬೆಳಗ್ಗೆ ಹೊರಟು ರಾತ್ರಿಗೆ ಮನೆ ಸೇರಬೇಕು. ಪೆರಿಯ, ಕೊಣಾಜೆ (ಮಂಗಳೂರು ವಿಶ್ವವಿದ್ಯಾನಿಲಯ), ಮಣಿಪಾಲ ಈ ಮೂರರಲ್ಲಿ ಯಾವುದು ಒಳ್ಳೆಯದು? ಒಳಗೆ ಬಿಡುತ್ತಾರೆಯೇ? ತಿಳಿದವರು ಹೇಳಿ.

ಉತ್ತರ, ಉಪ್ಪಳದಿಂದ:
ಅಕ್ಕಾ, ಮೊದಲು ಕ್ಯಾಲೆಂಡರ್ ನೋಡಿ. ಓಣಂಗೆ ನಮ್ಮ ಶಾಲೆಗಳಿಗೆ ಹತ್ತು ದಿನದ ಹತ್ತಿರ ರಜೆ ಇರುತ್ತದೆ, ಆಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಖಾಲಿ ಖಾಲಿ. ಆದರೆ ಗಡಿಯಾಚೆ ಕರ್ನಾಟಕದ ಕೊಣಾಜೆ, ಮಣಿಪಾಲಗಳಲ್ಲಿ ಅದೇ ದಿನಗಳಲ್ಲಿ ಪಾಠ ನಡೆಯುತ್ತಿರುತ್ತದೆ. ಪ್ರಯೋಗಾಲಯ, ಗ್ರಂಥಾಲಯ, ಕ್ಯಾಂಟೀನು ಎಲ್ಲ ತೆರೆದಿರುವಾಗ ಹೋದರೆ ಮಾತ್ರ ಮಕ್ಕಳಿಗೆ ನೋಡಲು ಏನಾದರೂ ಸಿಗುವುದು. ಬಾಗಿಲು ಹಾಕಿದ ಕಟ್ಟಡ ನೋಡಲು ಅಷ್ಟು ದೂರ ಯಾಕೆ? ಚೌತಿಯೂ ಅಷ್ಟಮಿಯೂ ಹೆಚ್ಚಾಗಿ ಅದೇ ಹೊತ್ತಿಗೆ ಬರುತ್ತವೆ, ಆ ದಿನಗಳನ್ನು ಬಿಟ್ಟುಬಿಡಿ. ಎರಡನೆಯ ಶನಿವಾರ, ಆದಿತ್ಯವಾರ ಬೇಡ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಇಟ್ಟುಕೊಳ್ಳಿ.

ಒಳಗೆ ಬಿಡುವ ವಿಷಯ: ಗೇಟಿನಲ್ಲಿ ‘ಸುಮ್ಮನೆ ನೋಡಲು ಬಂದದ್ದು’ ಎಂದರೆ ಕಾವಲಿನವರಿಗೆ ಯಾರಿಗೆ ಫೋನ್ ಮಾಡಬೇಕೆಂದೇ ತಿಳಿಯುವುದಿಲ್ಲ, ಬಿಡದೆ ಇರುವುದು ಅವರಿಗೆ ಸುಲಭ. ಹತ್ತು ದಿನ ಮುಂಚೆ ಒಂದು ಇಮೇಲ್ ಹಾಕಿ. ನೋಡಬೇಕಾದ ವಿಭಾಗದ ಮುಖ್ಯಸ್ಥರಿಗೆ ಬರೆದು ಕುಲಸಚಿವರಿಗೆ ಪ್ರತಿ ಕಳಿಸಿ. ಅದರಲ್ಲಿ ತಾರೀಕು, ಸಮಯ, ಎಷ್ಟು ಜನ, ಮಕ್ಕಳ ತರಗತಿ, ಕಾರಿನ ನಂಬರು, ನಿಮ್ಮ ಫೋನು ಇಷ್ಟೂ ಇರಲಿ. ‘ಕ್ಯಾಂಪಸ್ ನೋಡಬೇಕು’ ಎಂದು ಮಾತ್ರ ಬರೆದರೆ ಆ ಪತ್ರ ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ. ‘ಮಗಳಿಗೆ ಸಸ್ಯಶಾಸ್ತ್ರ ವಿಭಾಗ ಅರ್ಧ ಗಂಟೆ ನೋಡಬೇಕು’ ಎಂದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಉತ್ತರದ ಒಂದು ಪ್ರಿಂಟು ಮತ್ತು ಹಿರಿಯರೆಲ್ಲರ ಆಧಾರ್ ಕೈಯಲ್ಲಿರಲಿ.

ಉತ್ತರ, ಮಂಜೇಶ್ವರದಿಂದ:
ನನ್ನ ಮತ ಕೊಣಾಜೆಗೆ. ಕುಂಬಳೆಯಿಂದ ಹತ್ತಿರ, ಅತ್ತೆಯವರಿಗೂ ಆಯಾಸವಿಲ್ಲ. ಬಸ್ಸಿನಲ್ಲಾದರೆ ಮಂಗಳೂರು ಪೇಟೆಗೆ ಹೋಗಲೇಬೇಡಿ. ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ತೊಕ್ಕೊಟ್ಟಿಗೆ ಟಿಕೆಟ್ ಮಾಡಿ, ಅಲ್ಲಿಳಿದು ದೇರಳಕಟ್ಟೆ ಮೂಲಕ ಹೋಗುವ ಕೊಣಾಜೆ ಅಥವಾ ಮುಡಿಪು ಬಸ್ಸು ಹಿಡಿಯಿರಿ. ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳಿರುವುದರಿಂದ ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ವಾಹನ ಸಾಲುಗಟ್ಟುತ್ತದೆ, ಹತ್ತೂವರೆಗೆ ತಲುಪುವ ಹಾಗೆ ಹೊರಡಿ.

1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಜಾಗ ಅದು. ಕನ್ನಡ ವಿಭಾಗ ಕಟ್ಟಿದ ಎಸ್.ವಿ. ಪರಮೇಶ್ವರ ಭಟ್ಟರ ಹೆಸರಿನಲ್ಲೇ ಈಗಲೂ ಕನ್ನಡ ಅಧ್ಯಯನ ಸಂಸ್ಥೆ ಉಂಟು, ಯಕ್ಷಗಾನ ಅಧ್ಯಯನ ಕೇಂದ್ರವೂ ಉಂಟು. ಕಾಸರಗೋಡಿನ ಮಕ್ಕಳು ಕನ್ನಡದಲ್ಲಿ ಎಂ.ಎ., ಪಿಎಚ್.ಡಿ. ಮಾಡುವ ಸ್ಥಳವೊಂದನ್ನು ಕಣ್ಣಾರೆ ನೋಡುವುದು ದೊಡ್ಡದು, ಇದನ್ನು ಮನಸಾರೆ ಹೇಳುತ್ತೇನೆ. ಭೌತಶಾಸ್ತ್ರದ ಕಡೆ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕ ಉಂಟು. ಅದು ವಿಕಿರಣದ ಜಾಗವಾದ್ದರಿಂದ ಲಿಖಿತ ಒಪ್ಪಿಗೆ ಇಲ್ಲದೆ ಆ ಕಡೆ ಹೋಗಬಾರದು.

ಗುಡ್ಡದ ಮೇಲಿನ ಕ್ಯಾಂಪಸ್, ಕಟ್ಟಡಗಳ ನಡುವೆ ಏರು ಇಳಿತ ಉಂಟು. ಅತ್ತೆಯವರನ್ನು ನಡೆಸಬೇಡಿ, ಕಾರು ಅಥವಾ ಕಾಯುವ ಆಟೋ ಇರಲಿ. ಹಿಂದೆ ಬರುವಾಗ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ, ಈಗಿನ ‘ಗಿಳಿವಿಂಡು’ ಸ್ಮಾರಕ, ದಾರಿಯಲ್ಲೇ ಸಿಗುತ್ತದೆ. ತೆರೆದಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಉತ್ತರ, ಬದಿಯಡ್ಕದಿಂದ:
ಜೀವಶಾಸ್ತ್ರದ ಹುಡುಗಿಗೆ ಮಣಿಪಾಲವೇ ಸರಿ. 1953ರಲ್ಲಿ ಟಿ.ಎಂ.ಎ. ಪೈಯವರು ಶುರು ಮಾಡಿದ ಮೆಡಿಕಲ್ ಕಾಲೇಜಿನ ಅಂಗರಚನೆ ಮತ್ತು ರೋಗಶಾಸ್ತ್ರದ ಮ್ಯೂಸಿಯಂ ಸಾರ್ವಜನಿಕರಿಗೆ ತೆರೆದಿರುವುದು, ಟಿಕೆಟ್ ತೆಗೆದುಕೊಂಡು ಹೋಗಬಹುದು, ಇಮೇಲಿನ ರಗಳೆ ಇಲ್ಲ. ಪಠ್ಯಪುಸ್ತಕದಲ್ಲಿ ಗೆರೆಚಿತ್ರವಾಗಿ ಕಂಡ ಮೂತ್ರಪಿಂಡ, ಮೆದುಳು, ಶ್ವಾಸಕೋಶ ಇಲ್ಲಿ ಗಾಜಿನ ಜಾಡಿಯಲ್ಲಿ ನಿಜದ್ದೇ. ಆರೋಗ್ಯವಂತ ಅಂಗ ಮತ್ತು ರೋಗ ಹಿಡಿದ ಅಂಗ ಎರಡನ್ನೂ ನೋಡಬಹುದು. ಆನೆಯ, ಕಾಳಿಂಗದ ಅಸ್ಥಿಪಂಜರಗಳೂ ಉಂಟು. ಅವಸರ ಮಾಡದೆ ಒಂದೂವರೆ ಗಂಟೆ ಕೊಡಿ.

ರೈಲಾದರೆ ಗಮನಿಸಿ: ಉಡುಪಿಗೆ ಹೋಗುವ ಕೇರಳದ ರೈಲುಗಳು ಸಾಮಾನ್ಯವಾಗಿ ನಿಲ್ಲುವುದು ಮಂಗಳೂರು ಜಂಕ್ಷನ್‌ನಲ್ಲಿ, ಸೆಂಟ್ರಲ್‌ನಲ್ಲಿ ಅಲ್ಲ. ಸೆಂಟ್ರಲ್‌ಗೆ ಹೋಗುವ ಲೋಕಲ್ ಹತ್ತಿ ‘ಅಲ್ಲಿ ಬದಲಿಸೋಣ’ ಎಂದುಕೊಂಡರೆ ನಡುವೆ ಆಟೋ ಮಾಡಿ ಪೇಟೆ ದಾಟಬೇಕು, ಅಲ್ಲೇ ರೈಲು ತಪ್ಪುವುದು. ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿ, ಉಡುಪಿ–ಮಣಿಪಾಲ ರಸ್ತೆಯ ನಡುವೆ. ಆ ರಸ್ತೆಗೆ ಬಂದರೆ ಮಣಿಪಾಲದ ಟೈಗರ್ ಸರ್ಕಲ್‌ಗೆ ಸಿಟಿ ಬಸ್ಸು ಸಿಗುತ್ತದೆ. ಕಾರಾದರೆ ನೂರು ಕಿಲೋಮೀಟರಿನ ಹತ್ತಿರ, ತಲಪಾಡಿಯಲ್ಲೂ ಹೆಜಮಾಡಿಯಲ್ಲೂ ಟೋಲ್. ಸಂಜೆ ಎಂಡ್ ಪಾಯಿಂಟ್‌ಗೆ ಹೋದರೆ ಕೆಳಗೆ ಸ್ವರ್ಣಾ ನದಿ ಕಾಣುತ್ತದೆ.

ಉತ್ತರ, ಉಪ್ಪಳದಿಂದ ಮತ್ತೆ:
ಮಣಿಪಾಲದ ಮಾತು ಒಪ್ಪಿದೆ, ಆದರೆ ಎಂಟನೆಯ ತರಗತಿಯ ಹುಡುಗನ ಬಗ್ಗೆ ಯೋಚಿಸಿ. ಅಲ್ಲಿ ಭ್ರೂಣಗಳನ್ನೂ, ಬೆಳವಣಿಗೆ ಕೆಟ್ಟ ಶಿಶುಗಳನ್ನೂ ಇಟ್ಟಿರುತ್ತಾರೆ. ಹೊರಡುವ ಮುಂಚೆಯೇ ಅವನಿಗೆ ಬಿಡಿಸಿ ಹೇಳಿ, ಬೇಡ ಎಂದರೆ ಅಜ್ಜಿಯ ಜೊತೆ ಹೊರಗೆ ಕೂರಲಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಅಂಗಗಳು ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆಗೆ ತಲೆ ತಿರುಗುವವರಿದ್ದಾರೆ. ಅವು ಮನುಷ್ಯರ ದೇಹಗಳು, ಮೊಬೈಲ್ ಜೇಬಿನಲ್ಲೇ ಇರಲಿ.

ಉತ್ತರ, ಪೊಯಿನಾಚಿಯಿಂದ:
ಪೆರಿಯವನ್ನು ಪೂರ್ತಿ ಕೈಬಿಡಬೇಡಿ, ಓಣಂ ಕಳೆದ ಮೇಲೆ ಒಂದು ಶುಕ್ರವಾರ ಮಾಡಿ. 2009ರಲ್ಲಿ ಸ್ಥಾಪನೆಯಾದದ್ದು, ಪದವಿನ (ಗುಡ್ಡದ ಮೇಲಿನ ಬಯಲಿನ) ಮೇಲೆ 310 ಎಕರೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ದೊಡ್ಡ ಮರಗಳ ನೆರಳು ಕಮ್ಮಿ. ಮಾರ್ಚ್ ಬಂತೆಂದರೆ ಹನ್ನೊಂದು ಗಂಟೆಗೇ ಕಾಲು ಸುಡುತ್ತದೆ, ಆಟಿಯಲ್ಲಿ (ಜುಲೈ–ಆಗಸ್ಟ್) ಗಾಳಿಮಳೆಗೆ ಕೊಡೆ ನಿಲ್ಲುವುದಿಲ್ಲ. ನವೆಂಬರಿನಿಂದ ಜನವರಿ ಒಳ್ಳೆಯದು.

ಹೆಚ್ಚಿನವರು ಎಡವುವುದು ಬಸ್ಸಿನಲ್ಲಿ. ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿ. ‘ಚಂದ್ರಗಿರಿ’ ದಾರಿಯ ಬಸ್ಸು ಮೇಲ್ಪರಂಬ, ಉದುಮ, ಬೇಕಲ ಎಂದು ಕರಾವಳಿಯಲ್ಲೇ ಹೋಗುತ್ತದೆ, ಪೆರಿಯ ಮುಟ್ಟುವುದೇ ಇಲ್ಲ. ನಿಮಗೆ ಬೇಕಾದ್ದು ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ ಮೂಲಕ ಹೈವೇಯಲ್ಲಿ ಹೋಗುವ ಬಸ್ಸು. ಹತ್ತುವಾಗ ಕಂಡಕ್ಟರನಲ್ಲಿ ‘ಪೆರಿಯ ಹೋಗುತ್ತದೆಯೇ’ ಎಂದು ಕೇಳಿ. ಕಾರಿನವರು ಆರು ಪಥದ ರಸ್ತೆಯಿಂದ ಸರ್ವಿಸ್ ರೋಡಿಗೆ ಮೊದಲೇ ಇಳಿಯಬೇಕು, ತಪ್ಪಿದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಿ ಬರಬೇಕು.

ಮಧ್ಯಾಹ್ನದ ಮೇಲೆ ಬೇಕಲ ಕೋಟೆ ಸೇರಿಸಿ. ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಅದೇ ಮುರಕಲ್ಲಿನದ್ದು. ಪೆರಿಯದಿಂದ ಅಡ್ಡದಾರಿಗೆ ಬಸ್ಸು ಕಮ್ಮಿ, ಆಟೋದವರಲ್ಲಿ ದರ ಮಾತಾಡಿಯೇ ಹತ್ತಿ.

ಉತ್ತರ, ಕೂಡ್ಲಿನಿಂದ:
ವಿಶ್ವವಿದ್ಯಾನಿಲಯ ಅಲ್ಲದಿದ್ದರೂ ಮನೆಬಾಗಿಲಲ್ಲೇ ಇರುವ ಸಿ.ಪಿ.ಸಿ.ಆರ್.ಐ.ಯನ್ನು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಯಾರೂ ಹೇಳಲಿಲ್ಲವಲ್ಲ! 1916ರಲ್ಲಿ ತೆಂಗು ಸಂಶೋಧನೆಗೆಂದೇ ಶುರುವಾದದ್ದು. ಕೃಷಿಕರ ಮನೆಯವರಿಗೆ, ಅತ್ತೆಯವರಿಗಂತೂ ಇಲ್ಲಿ ಮಾತಾಡಲು ಬೇಕಾದಷ್ಟು ಉಂಟು. ಕಲ್ಪರಸದ, ಅಂದರೆ ಹುಳಿಯದ ತೆಂಗಿನ ಸಿಹಿರಸದ, ಪೆಟ್ಟಿಗೆ ತೋರಿಸಿ ಎಂದು ಕೇಳಿ. ತೆಂಗಿನ ಹೊಂಬಾಳೆಯ ತುದಿಗೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ ಅದು, ಒಳಗೆ ಚೀಲದ ಸುತ್ತ ಮಂಜುಗಡ್ಡೆ. ರಸ ಇಳಿಯುವಾಗಲೇ ತಣ್ಣಗಿರುವುದರಿಂದ ಹುಳಿಯುವುದಿಲ್ಲ, ಕಳ್ಳಿನಂತೆ ಬೆಳ್ಳಗಾಗದೆ ಹೊಂಬಣ್ಣದಲ್ಲೇ ಉಳಿಯುತ್ತದೆ. ಮಗಳಿಗೆ ಹುದುಗುವಿಕೆಯ ಪಾಠ ಇದರಲ್ಲೇ ಆಯಿತು. ಸಸಿ ಬೇಕಿದ್ದರೆ ಮೊದಲೇ ಹೆಸರು ಬರೆಸಿ, ಹೋದ ದಿನವೇ ಸಿಗುತ್ತದೆ ಎಂದು ನಂಬಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಮಗಳಿಗಾಗಿ ಮಣಿಪಾಲ ಎಂದು ಗಟ್ಟಿ ಮಾಡಿದೆವು, ಕಾರಿನಲ್ಲಿ. ಅತ್ತೆ ಹೊರಗಿನ ಊಟ ಮಾಡುವುದಿಲ್ಲ, ಅದಕ್ಕೇನು?

ಉತ್ತರ, ಬದಿಯಡ್ಕದಿಂದ:
ಬುತ್ತಿ ಕಟ್ಟಿಕೊಳ್ಳಿ ಅಕ್ಕಾ. ಅವಲಕ್ಕಿ, ಮೊಸರನ್ನ, ಬಾಳೆಹಣ್ಣು ಸಾಕು. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದು ಚಮಚ ಮಾತ್ರ ಹಾಕಿದರೆ ಮಧ್ಯಾಹ್ನಕ್ಕೆ ಹುಳಿಯಾಗದು. ಆರಕ್ಕೆ ಕುಂಬಳೆ ಬಿಟ್ಟರೆ ಮಂಗಳೂರಿನ ಆಫೀಸು ಹೊತ್ತಿನ ವಾಹನ ಶುರುವಾಗುವ ಮುಂಚೆ ನೇತ್ರಾವತಿ ಸೇತುವೆ ದಾಟುತ್ತೀರಿ.