ಸಹಾಯ ಬೇಕು: ಮನೆಯಲ್ಲೇ ಕಲಿಯುವ ಮಗನಿಗೆ ಒತ್ತಕ್ಷರ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ವಂದನೆಗಳು. ನಾವು ಹಾಸನದ ಕಡೆಯವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕುಟುಂಬ. ಮಗನಿಗೆ 7 ವರ್ಷ, ಮಗಳಿಗೆ 5. ಇಬ್ಬರಿಗೂ ಮನೆಯಲ್ಲೇ ಪಾಠ.

ಬೆಳಗಿನ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಓದಲು ಕೂರುತ್ತೇವೆ. ಸತ್ಯವೇದದ (ಬೈಬಲ್) 23ನೇ ಕೀರ್ತನೆ ಇಬ್ಬರಿಗೂ ಬಾಯಿಪಾಠ. ಹುಣಸೆಬೀಜ ಇಟ್ಟುಕೊಂಡು ಕೂಡಿಸಿ ಕಳೆಯುವುದೂ ಚೆನ್ನಾಗಿ ಬರುತ್ತದೆ.

ಕಷ್ಟ ಇರುವುದು ಮಗನ ಕನ್ನಡ ಓದಿನಲ್ಲಿ. ಕಾಗುಣಿತ ಸರಾಗ. ‘ಅಕ್ಕ’, ‘ಅಪ್ಪ’ ಕೂಡ ತಡವರಿಸದೆ ಓದುತ್ತಾನೆ. ಆದರೆ ‘ಪ್ರೀತಿ’ಯನ್ನು ‘ಪೀರತಿ’ ಅನ್ನುತ್ತಾನೆ, ಏಕೆಂದರೆ ದೀರ್ಘ ಇರುವುದು ಪಕಾರದ ಮೇಲೆ, ಒತ್ತು ಕೆಳಗೆ. ಅರ್ಕಾವತ್ತು (‘ರ್’ ಸೂಚಿಸುವ ಚಿಹ್ನೆ, ರೇಫ) ಇನ್ನೂ ಕಷ್ಟ. ‘ಕರ್ತ’ದಲ್ಲಿ ರೇಫ ಕಾಣುವುದು ಕೊನೆಗೆ, ಉಚ್ಚರಿಸುವುದು ಮೊದಲು, ಹಾಗಾಗಿ ‘ಕತರ’ ಆಗುತ್ತದೆ. ಕಂಡ ಕ್ರಮದಲ್ಲೇ ಓದುವ ಮಗುವಿನದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಆದರೆ ಸತ್ಯವೇದದಲ್ಲಿ ಸಾಲುಸಾಲಿಗೂ ಇಂಥ ಪದಗಳೇ. ತಾನೇ ಓದಬೇಕು ಅಂತ ಕೂತವನು ಅಳುತ್ತಾ ಎದ್ದು ಹೋಗುತ್ತಾನೆ, ನೋಡಲಾಗುವುದಿಲ್ಲ. ಚಿಕ್ಕ ಮಕ್ಕಳಿಗೆ ಇದನ್ನು ಕಲಿಸಿದ ಅಕ್ಕಂದಿರು, ಟೀಚರ್‌ಗಳು ಯಾವ ಕ್ರಮದಲ್ಲಿ ಹೇಳಿಕೊಟ್ಟಿರಿ? ಬಿಡಿಸಿ ಬರೆಸುವುದು ಮೊದಲಾ, ಓದಿಸುವುದು ಮೊದಲಾ?

ಇನ್ನೊಂದು ವಿಷಯ. ‘ಮುಂದೆ ಸರ್ಟಿಫಿಕೇಟ್‌ಗೆ ಏನು ಮಾಡ್ತೀರಮ್ಮ?’ ಅಂತ ಅತ್ತೆ ಕೇಳುತ್ತಲೇ ಇರುತ್ತಾರೆ, ಅವರ ಚಿಂತೆ ನ್ಯಾಯವಾದದ್ದೇ. ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ‘ಎ’ ಹಂತ ಮೂರನೇ ತರಗತಿಗೆ ಸಮ, ಅದಕ್ಕೆ ಸೇರಿಸುವ ಯೋಚನೆ ಇದೆ. ನಿಮ್ಮ ಮಕ್ಕಳನ್ನು ಸೇರಿಸಿದ್ದರೆ ಯಾವ ದಾಖಲೆ ಕೇಳಿದರು, ಪರೀಕ್ಷೆ ಕನ್ನಡದಲ್ಲಿ ಬರೆಸಿದಿರಾ, ದಯವಿಟ್ಟು ತಿಳಿಸಿ.