ಸಹಾಯ ಬೇಕು: ಸಿಎ ಓದಲೇ, ಬ್ಯಾಂಕ್ ಪರೀಕ್ಷೆ ಬರೆಯಲೇ?

ಗುಂಪಿನ ಹಿರಿಯರಿಗೆ ನಮಸ್ಕಾರಗಳು. ನಾನು ಗಂಗಾವತಿಯವಳು; ಬಿ.ಕಾಂ. ಮುಗಿಸಿ ಸದ್ಯ ಇಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಭತ್ತದ ಲಾರಿಗಳ ತೂಕದ ಚೀಟಿಗಳನ್ನು ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶಕ್ಕೆ ಏರಿಸುವುದರಿಂದ ಹಿಡಿದು ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಪಟ್ಟಿಗಳನ್ನು ಸಿದ್ಧಪಡಿಸುವವರೆಗಿನ ಕೆಲಸ ಕೈಗೆ ಹತ್ತಿದೆ. ಆದರೆ ಆಡಿಟ್‌ಗೆ ಸಹಿ ಹಾಕುವ ಅಧಿಕಾರ ಈ ಅನುಭವದಿಂದ ಬರುವುದಿಲ್ಲ; ಅದಕ್ಕೆ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗಬೇಕು.

ಪದವಿಯಲ್ಲಿ ಶೇ 55ಕ್ಕಿಂತ ಹೆಚ್ಚು ಅಂಕಗಳಿರುವುದರಿಂದ ಮೊದಲ ಹಂತದ ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಎರಡನೇ ಹಂತವಾದ ಸಿಎ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು. ಆದರೆ ಎರಡೂ ಗ್ರೂಪ್‌ಗಳ 6 ಪತ್ರಿಕೆಗಳು ಪಾಸಾದ ಮೇಲೆಯೇ 2 ವರ್ಷಗಳ ಆರ್ಟಿಕಲ್‌ಶಿಪ್ (ಸಿಎ ಒಬ್ಬರ ಕೈಕೆಳಗಿನ ಕಡ್ಡಾಯ ತರಬೇತಿ) ಆರಂಭವಾಗುವುದರಿಂದ, ಅಲ್ಲಿಯವರೆಗೆ ಗಿರಣಿಯ ಕೆಲಸ ಬಿಡದೆ ಓದಲು ಸಾಧ್ಯವೇ ಎಂಬುದೇ ನನ್ನ ಮುಖ್ಯ ಚಿಂತೆ. ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಕಾನೂನಿನ ಪತ್ರಿಕೆಯ ದೀರ್ಘ ಉತ್ತರಗಳೇ ಕಷ್ಟ. ಗ್ರಾಮೀಣ ಬ್ಯಾಂಕ್ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದೆಂದು ಅಪ್ಪ ಅತ್ತಲೇ ಒತ್ತಾಯಿಸುತ್ತಿದ್ದಾರೆ. (ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಕೋರ್ಸ್ ಆದ ಸಿಎಫ್‌ಎ ಮಾಡೆಂದವರೂ ಇದ್ದಾರೆ; ಆದರೆ ಡಾಲರ್ ಲೆಕ್ಕದಲ್ಲಿ ಶುಲ್ಕ ಕಟ್ಟಿ ಷೇರು ವಿಶ್ಲೇಷಣೆ ಕಲಿತರೂ ಈ ಊರಿನಲ್ಲಿ ಅದಕ್ಕೆ ಕೆಲಸ ಸಿಗಲಾರದು.)

ಕೆಲಸ ಮಾಡುತ್ತಲೇ ಇಂಟರ್‌ಮೀಡಿಯೆಟ್ ಮುಗಿಸಿದವರು ಎರಡು ಗ್ರೂಪ್‌ಗಳನ್ನು ಒಟ್ಟಿಗೆ ಬರೆದಿರೋ, ಬೇರೆ ಬೇರೆಯಾಗಿ ಬರೆದಿರೋ? ಹೊಸಪೇಟೆ ಅಥವಾ ಬಳ್ಳಾರಿಯಲ್ಲೇ ಆರ್ಟಿಕಲ್‌ಶಿಪ್ ಮಾಡಿದರೆ ಕಂಪನಿ ಆಡಿಟ್‌ನ ಅನುಭವ ಸಾಕಷ್ಟು ದೊರೆಯುತ್ತದೆಯೇ, ಅಥವಾ ಬೆಂಗಳೂರಿಗೇ ಹೋಗಬೇಕೇ? ಗಿರಣಿಯ ವೆಚ್ಚ ಲೆಕ್ಕದ ಅನುಭವವಿರುವವರಿಗೆ ಸಿಎಂಎ (ವೆಚ್ಚ ಲೆಕ್ಕಶಾಸ್ತ್ರದ ವೃತ್ತಿಪರ ಕೋರ್ಸ್) ಹೆಚ್ಚು ಹೊಂದುತ್ತದೆಯೇ? ದಯವಿಟ್ಟು ಅನುಭವವುಳ್ಳವರು ತಿಳಿಸಿರಿ.