ಘಾಟಿ ಇಳಿಯುವಾಗ ಹೈಬ್ರಿಡ್ ಇಂಜಿನ್ ಕೂಗುವುದೇಕೆ?

ಪ್ರಶ್ನೆ: ನಮ್ಮದು 1490 ಸಿಸಿ, ಮೂರು ಸಿಲಿಂಡರಿನ ಹೈಬ್ರಿಡ್ ಕಾರು (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವಂಥದ್ದು). ಮೊನ್ನೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಇಂಜಿನ್ ಜೋರಾಗಿ ಕೂಗತೊಡಗಿತು. ಆಕ್ಸಿಲರೇಟರ್ ಮೇಲೆ ಕಾಲೇ ಇರಲಿಲ್ಲ! ಹೆಂಡತಿಗೆ ಗಾಬರಿ. ಏನಾದರೂ ಕೆಟ್ಟಿದೆಯಾ?

ಉತ್ತರ: ಬ್ಯಾಟರಿ ತುಂಬಿತ್ತಾ ಸರ್?

ಪ್ರಶ್ನೆ ಕೇಳಿದವರು: ಹೌದು, ಪರದೆಯಲ್ಲಿ ಫುಲ್ ಇತ್ತು.

ಉತ್ತರ: ಹಾಗಾದರೆ ಏನೂ ಕೆಟ್ಟಿಲ್ಲ. ಇಳಿಜಾರಿನಲ್ಲಿ ಚಕ್ರಗಳೇ ಮೋಟಾರನ್ನು ತಿರುಗಿಸುವುದರಿಂದ ಅದು ಕರೆಂಟ್ ಮಾಡುತ್ತಲೇ ಇರುತ್ತದೆ. ಬ್ಯಾಟರಿ ತುಂಬಿದ ಮೇಲೆ ಅದು ಎಲ್ಲಾದರೂ ಹೋಗಬೇಕಲ್ವಾ? ಅದೇ ಕರೆಂಟಿನಿಂದ ಇಂಜಿನ್ ಸುಮ್ನೆ ತಿರುಗುತ್ತದೆ. ಪೆಟ್ರೋಲ್ ಖರ್ಚಾಗುವುದಿಲ್ಲ, ಸದ್ದು ಮಾತ್ರ.

ಇನ್ನೊಬ್ಬರು: ಗೇರ್ ಲಿವರ್ ‘ಬಿ’ಗೆ (ಇಂಜಿನ್ನೇ ಕಾರನ್ನು ತಡೆದು ಹಿಡಿಯುವ ಸ್ಥಾನ) ಹಾಕಿ ಇಳಿಯಿರಿ. ಕೂಗು ಜಾಸ್ತಿ, ಆದರೆ ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡಿ!